ಹಾಡಿರುವ ನಾಟಕ ಆಡಿಸೋದು ಹೇಗೆ? ರಸೀದಿ ಪುಸ್ತಕದಿಂದ ರಂಗದವರೆಗೆ ಗೊತ್ತಿರಬೇಕಾದ ಸಂಗತಿಗಳು

ಶಿವಮೊಗ್ಗ: ಗಾಂಧಿ ಬಜಾರಿನ ಅಂಗಡಿಯವರಿಗೆ ರಸೀದಿ ಪುಸ್ತಕ ಹೊಸದಲ್ಲ. ಗಣಪತಿಗೆ ಒಂದು, ರಾಜ್ಯೋತ್ಸವಕ್ಕೆ ಒಂದು, ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆ ಜಾತ್ರೆಗೆ ಒಂದು. ಇವುಗಳ ನಡುವೆ ನಾಲ್ಕು ಹುಡುಗರು, ಒಬ್ಬ ಮೇಷ್ಟ್ರು ಬಂದು ‘ನಾಟಕ ಮಾಡ್ತಾ ಇದೀವಿ ಸಾರ್, ಏನಾದ್ರೂ ಸಹಾಯ ಮಾಡಿ’ ಅಂತ ನಿಲ್ಲುತ್ತಾರೆ. ಗಿರಾಕಿ ಕಾಯ್ತಾ ಇರುತ್ತಾರೆ. ಗಲ್ಲದಿಂದ ಐನೂರರ ನೋಟು ತೆಗೆದುಕೊಟ್ಟು, ಎರಡು ಪಾಸು ಇಸ್ಕೊಂಡು, ಆ ದಿನ ಅಂಗಡಿ ಬಿಟ್ಟು ಹೋಗೋಕಾಗದೆ ಪಾಸನ್ನು ಕೆಲಸದ ಹುಡುಗನ ಕೈಗೆ ಕೊಡುವುದು ನಮ್ಮ ಊರಿನ ಪದ್ಧತಿ.

ಆ ದುಡ್ಡು ಎಲ್ಲಿಗೆ ಹೋಗುತ್ತೆ? ನಾಟಕ ಅಂದರೆ ಏನೇನು ಖರ್ಚು? ಇದು ಕೊಟ್ಟವರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಎಷ್ಟೋ ಸಲ ಮೊದಲ ಬಾರಿ ನಾಟಕಕ್ಕೆ ಕೈಹಾಕಿದ ಹುಡುಗರಿಗೂ ಗೊತ್ತಿರುವುದಿಲ್ಲ. ಇವತ್ತು ತಾಲೀಮಿನ ಜಾಗದಲ್ಲಿ, ಚಹಾ ಅಂಗಡಿ ಮುಂದೆ, ನಾಟಕದವರು ಸೇರಿದಲ್ಲೆಲ್ಲ ಏಳುವ ಜಗಳ ಒಂದೇ. ಹಾಡಿಗೆ ಮೇಳ ಕೂರಿಸೋದಾ, ಇಲ್ಲಾ ಟ್ರ್ಯಾಕ್ ಹಾಕೋದಾ? ಪೆನ್‌ಡ್ರೈವ್ ಒಂದಿದ್ದರೆ ಹಾರ್ಮೋನಿಯಂನವರೂ ಬೇಡ, ತಬಲಾದವರೂ ಬೇಡ, ಅವರ ಊಟ ಆಟೋ ಖರ್ಚೂ ಉಳೀತು ಅನ್ನುವವರು ಒಂದು ಕಡೆ. ಹಾಗೆ ಮಾಡಿದರೆ ಅದು ನಾಟಕವೇ ಅಲ್ಲ ಅನ್ನುವ ಹಿರಿಯರು ಇನ್ನೊಂದು ಕಡೆ. ಈ ಲೇಖನ ಎರಡನೆಯವರ ಕಡೆಗೆ ವಾಲಿದೆ, ಅದನ್ನು ಮೊದಲೇ ಹೇಳಿಬಿಡೋಣ. ಯಾಕೆ ಅನ್ನೋದು ತಿಳಿಯಬೇಕಾದರೆ ಹಾಡು ನಾಟಕಕ್ಕೆ ಬಂದ ದಾರಿ ಸ್ವಲ್ಪ ನೋಡಬೇಕು.

ಹಾಡು ಎಲ್ಲಿಂದ ಬಂತು

‘ಮ್ಯೂಸಿಕಲ್’ ಅಂತ ಇಂಗ್ಲಿಷಿನವರು ಬೇರೆ ಹೆಸರಿಟ್ಟು ಕರೆಯುವುದನ್ನು ನಮ್ಮವರು ಬಹಳ ಕಾಲ ಬರೀ ‘ನಾಟಕ’ ಅಂತಲೇ ಕರೆದರು. ಹಾಡಿಲ್ಲದ ನಾಟಕ ಇರುತ್ತೆ ಅನ್ನುವುದೇ ಜನಕ್ಕೆ ಹೊಸ ಸುದ್ದಿಯಾಗಿತ್ತು.

ಬೇರು ನಮ್ಮ ಪಕ್ಕದಲ್ಲೇ ಇದೆ. ಘಟ್ಟದ ಕೆಳಗೆ ಹೊನ್ನಾವರ ತಾಲೂಕಿನ ಕರ್ಕಿ ಊರಿನ ಯಕ್ಷಗಾನ ಮೇಳ 1842ರಲ್ಲಿ ಸಾಂಗ್ಲಿಗೆ ಹೋಗಿ ಅಲ್ಲಿನ ಅರಸರ ಮುಂದೆ ಆಟ ಆಡಿತು. ಅದನ್ನು ನೋಡಿದ ಅರಸರು ಮರಾಠಿಯಲ್ಲೂ ಇಂಥದ್ದು ಆಗಬೇಕು ಅಂದರು. ಮರುವರ್ಷವೇ ವಿಷ್ಣುದಾಸ ಭಾವೆ ಅವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿಯವರು ತಮ್ಮ ಚರಿತ್ರೆಯನ್ನು ಎಣಿಸುವುದು ಅಲ್ಲಿಂದಲೇ. ಮುಂದೆ 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ ಅವರು ‘ಶಾಕುಂತಲ’ ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದೊಡ್ಡ ಹೆಸರು ತಂದರು. ಅವರ ಹುಟ್ಟೂರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಹೀಗೆ ಇಲ್ಲಿಂದ ಹೋದದ್ದು ಅಲ್ಲಿ ಬೆಳೆದು, ಮರಾಠಿ ಕಂಪನಿಗಳ ರೂಪದಲ್ಲಿ ಧಾರವಾಡ, ಹುಬ್ಬಳ್ಳಿ ಕಡೆಗೆ ವಾಪಸು ಬಂದಾಗ, ನಮ್ಮ ಭಾಷೆಯಲ್ಲಿ ಯಾಕೆ ಇಲ್ಲ ಅಂತ ಗದಗಿನಲ್ಲಿ ಶಾಂತಕವಿಗಳು ಕನ್ನಡ ತಂಡ ಕಟ್ಟಿದರು. ಹಳೆ ಮೈಸೂರಿನ ಕಡೆ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ಕಂಪನಿ ನಡೆಯಿತು. ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು.

1884ರಲ್ಲಿ ತುಮಕೂರು ಕಡೆಯ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಹೆಸರಿನಲ್ಲೇ ನಾಡಿಗೆಲ್ಲ ಪರಿಚಯವಾಯಿತು. ‘ಸದಾರಮೆ’ಯ ಕಳ್ಳನ ಪಾತ್ರ, ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ಬಂದ ನಿಜವಾದ ಆನೆ ಕುದುರೆ, ಇವುಗಳ ಕತೆ ಈಗಲೂ ಹಿರಿಯರ ಬಾಯಲ್ಲಿದೆ. ರಾಜಕುಮಾರ್ ಅವರು ಹಾಡು, ಮಾತು ಎರಡನ್ನೂ ಕಲಿತದ್ದು ಕಂಪನಿಯ ರಂಗದಲ್ಲೇ. ನಮ್ಮ ಪಕ್ಕದ ದಾವಣಗೆರೆಯಲ್ಲಿ ಚಿಂದೋಡಿಯವರ ಕೆಬಿಆರ್ ಕಂಪನಿ ಬೇರೆ ರೀತಿಯ ನಾಟಕಗಳಿಂದ ಹೆಸರು ಮಾಡಿತು. ಚಿಂದೋಡಿ ಲೀಲಾ ಅವರ ‘ಪೊಲೀಸನ ಮಗಳು’ ನೋಡಿದವರು ನಮ್ಮ ಬಜಾರಿನಲ್ಲೂ ಸಿಗುತ್ತಾರೆ.

ಗುಬ್ಬಿ ಕಂಪನಿಗೆ ಸೇರಿಕೊಂಡ ಹುಡುಗರಲ್ಲಿ ಬಂಟ್ವಾಳ ಕಡೆಯ ಮಂಚಿಯವರೊಬ್ಬರು ಇದ್ದರು. ಅವರೇ ಬಿ.ವಿ. ಕಾರಂತರು. ಕಂಪನಿ ಹಾಡಿನ ಕಾಲ ಮುಗೀತು, ಇನ್ನು ಮಾತಿನ ನಾಟಕದ ಕಾಲ ಅಂತ ಓದಿದವರೆಲ್ಲ ಹೇಳುತ್ತಿದ್ದಾಗ ಅವರು ಹಾಡನ್ನು ಹೊಸ ನಾಟಕದೊಳಕ್ಕೆ ವಾಪಸು ತಂದರು. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಅವರು ಆಡಿಸಿದ ಮೂರು ನಾಟಕಗಳು ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಮತ್ತು ‘ಈಡಿಪಸ್’. ಕೊನೆಯ ಎರಡರ ಕನ್ನಡ ಪಠ್ಯ ಪಿ. ಲಂಕೇಶರದು. ಲಂಕೇಶರು ನಮ್ಮ ತಾಲೂಕಿನ ಕೊನಗವಳ್ಳಿಯವರು ಅನ್ನೋದನ್ನು ಇಲ್ಲಿ ಹೇಳದೆ ಮುಂದೆ ಹೋಗೋಕಾಗಲ್ಲ! ಆಮೇಲೆ ಶ್ರೀರಂಗರ ‘ಸತ್ತವರ ನೆರಳು’ ನಾಟಕಕ್ಕೆ ಕಾರಂತರು ದಾಸರ ಪದಗಳನ್ನು ಕೂಡಿಸಿದ ರೀತಿ, ಪುತಿನ ಅವರ ಗೀತನಾಟಕ ‘ಗೋಕುಲ ನಿರ್ಗಮನ’ವನ್ನು ರಂಗಕ್ಕೆ ತಂದ ರೀತಿ ನೋಡಿ, ಹಾಡು ಅಂದರೆ ನಾಟಕ ನಿಲ್ಲಿಸಿ ಹಾಡುವುದಲ್ಲ, ನಾಟಕ ನಡೆಯುವುದೇ ಹಾಡಿನಲ್ಲಿ ಅನ್ನುವುದು ಜನಕ್ಕೆ ಅರ್ಥವಾಯಿತು.

ನಮ್ಮ ಜಿಲ್ಲೆಯ ಸಾಗರ ತಾಲೂಕು ಹೆಗ್ಗೋಡಿನ ನೀನಾಸಮ್ ಬಗ್ಗೆ ಬೇರೆ ಹೇಳಬೇಕಿಲ್ಲ. 1949ರಲ್ಲಿ ಹಳ್ಳಿಯ ಗೆಳೆಯರು ಕಟ್ಟಿದ ಸಂಘ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. ‘ತಿರುಗಾಟ’ ಅನ್ನೋದು ಯಕ್ಷಗಾನ ಮೇಳದವರು ಬಳಸುವ ಮಾತು. ತಿರುಗಾಟದ ನಾಟಕ ನೋಡಿದವರಿಗೆ ಗೊತ್ತು, ಅಲ್ಲಿ ಹಾಡುವವರು ನಟರೇ, ರಂಗದ ಪಕ್ಕದಲ್ಲೇ ಕೂತು ಬಾರಿಸುವವರೂ ಹಲವು ಸಲ ಅವರೇ.

ಪೆಟ್ಟಿಗೆ ಮೇಷ್ಟ್ರು ಮಾಡುವ ಕೆಲಸ

ಕಂಪನಿಯವರು ಹಾರ್ಮೋನಿಯಮ್ಮನ್ನು ‘ಪೆಟ್ಟಿಗೆ’ ಅನ್ನುತ್ತಿದ್ದರು. ಅವರದು ಕಾಲಲ್ಲಿ ತುಳಿದು ಗಾಳಿ ತುಂಬುವ ದೊಡ್ಡ ಪೆಟ್ಟಿಗೆ. ಎರಡು ಕೈಯೂ ಬಾರಿಸೋಕೆ ಬಿಡುವಾಗಿ ಸಿಗಬೇಕು ಅಂತಲೇ ಆ ಏರ್ಪಾಡು. ಮೈಕಿಲ್ಲದ ಕಾಲ. ಕೊನೆ ಸಾಲಿನಲ್ಲಿ ಚಾಪೆ ಮೇಲೆ ಕೂತವನಿಗೂ ಕೇಳಿಸಬೇಕಾದರೆ ಎತ್ತರದ ಶ್ರುತಿಯಲ್ಲೇ ಹಾಡಬೇಕು, ಆ ಶ್ರುತಿಗೆ ಬೆನ್ನಾಗಿ ಪೆಟ್ಟಿಗೆ ನಿಲ್ಲಬೇಕು.

ಟ್ರ್ಯಾಕ್ ಹಾಕುವವರು ಮರೆಯುವುದು ಏನೆಂದರೆ, ಪೆಟ್ಟಿಗೆ ಮೇಷ್ಟ್ರು ಬಾರಿಸುವುದು ಅರ್ಧ ಕೆಲಸ, ಉಳಿದರ್ಧ ನೋಡುವುದು. ಅವರ ಕಣ್ಣು ಯಾವಾಗಲೂ ನಟನ ಬಾಯಿ ಮೇಲೆ. ಮಾತಿನ ಕೊನೆಗೆ ಹಾಡು ಬರುತ್ತೆ ಅಂದರೆ ಮಾತು ನಡೆಯುವಾಗಲೇ ಸಣ್ಣಗೆ ಶ್ರುತಿ ಹಿಡಿಯುತ್ತಾರೆ, ನಟ ತಡಕಾಡದೆ ಅದೇ ಸ್ವರಕ್ಕೆ ಇಳಿಯುತ್ತಾನೆ. ಗಂಟಲು ಕಟ್ಟಿದ್ದರೆ ಯಾರಿಗೂ ಹೇಳದೆ ಶ್ರುತಿಯನ್ನು ಅರ್ಧ ಸ್ವರ ಇಳಿಸುತ್ತಾರೆ. ನಟ ಎರಡನೇ ಚರಣ ಮರೆತು ನಿಂತರೆ ಮೊದಲ ಸಾಲಿನ ಮಟ್ಟನ್ನೇ ಇನ್ನೊಂದು ಸುತ್ತು ಬಾರಿಸಿ ನೆನಪಾಗುವವರೆಗೆ ಕಾಯುತ್ತಾರೆ. ಸಭಿಕರು ಅದನ್ನು ಸಂಗೀತ ಅಂತಲೇ ಕೇಳುತ್ತಾರೆ. ಒಳಗೆ ರಾಣಿ ಪಾತ್ರದವರ ಸೀರೆ ಪಿನ್ನು ಸಿಕ್ಕದಿದ್ದರೆ ಎರಡು ನಿಮಿಷ ಎಳೆಯುವುದೂ ಅವರ ಪಾಲಿಗೇ. ಒನ್ಸ್ ಮೋರ್ ಅಂತ ಜನ ಕೂಗಿದರೆ? ತಬಲಾದವರ ಕಡೆ ಒಂದು ನೋಟ ಸಾಕು, ಮತ್ತೆ ಪಲ್ಲವಿ.

ಪೆನ್‌ಡ್ರೈವ್ ಕಾಯುವುದಿಲ್ಲ. ಟ್ರ್ಯಾಕ್ ಶುರುವಾದ ಮೇಲೆ ನಟನೇ ಅದರ ಹಿಂದೆ ಓಡಬೇಕು. ಹೊಸಬರು ಹಾಡುವಾಗ ಎದುರಿಗಿರುವ ಪಾತ್ರವನ್ನು ನೋಡದೆ ಸ್ಪೀಕರ್ ಕಡೆಗೇ ಕಿವಿ ಕೊಟ್ಟು ನಿಂತಿರುತ್ತಾರೆ, ಗಮನಿಸಿ. ಹೋದ ಸಾಲನ್ನು ಹಿಡಿಯೋಕಾಗದೆ ತುಟಿ ಮಾತ್ರ ಆಡಿಸುವುದೂ ಉಂಟು. ಕರೆಂಟು ಹೋದರಂತೂ ನಾಟಕ ಅಲ್ಲಿಗೇ ನಿಂತಿತು. ಪೆಟ್ಟಿಗೆ ಇದ್ದರೆ ಒಂದು ದೀಪ ಹಚ್ಚಿಟ್ಟು ಮುಂದುವರಿಯಬಹುದು.

ಈ ಜಗಳ ನಮ್ಮ ಊರಿನದು ಮಾತ್ರ ಅಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ ಬ್ರಾಡ್‌ವೇ ಅಂತ ನಾಟಕದ್ದೇ ಬೀದಿ ಇದೆ. ಅಲ್ಲಿನ ಹಾಡಿನ ನಾಟಕಗಳಿಗೆ ದೊಡ್ಡ ಥಿಯೇಟರುಗಳಲ್ಲಿ ಕನಿಷ್ಠ 24ರಿಂದ 26 ವಾದ್ಯಗಾರರು ಇರಲೇಬೇಕು ಅಂತ ಒಪ್ಪಂದವಿತ್ತು. ಅದನ್ನು ಇಳಿಸಬೇಕು ಅಂತ ನಿರ್ಮಾಪಕರು ಪಟ್ಟು ಹಿಡಿದರು, ಬೇಕಾದರೆ ಕಂಪ್ಯೂಟರಿನಿಂದ ಸಂಗೀತ ನುಡಿಸ್ತೀವಿ ಅಂದರು. 2003ರ ಮಾರ್ಚಿನಲ್ಲಿ ವಾದ್ಯಗಾರರು ಮುಷ್ಕರ ಹೂಡಿದರು. ನಟರು, ರಂಗದ ಹಿಂದೆ ಕೆಲಸ ಮಾಡುವವರು ಅವರ ಜತೆ ನಿಂತರು. ನಾಲ್ಕು ದಿನ 18 ನಾಟಕಗಳು ಬಂದ್. ಕೊನೆಗೆ ದೊಡ್ಡ ಥಿಯೇಟರುಗಳಲ್ಲಿ 18-19 ಜನ ಅಂತ ರಾಜಿಯಾಯಿತು. ಸಂಖ್ಯೆ ಇಳಿಯಿತು ನಿಜ, ಆದರೆ ಮನುಷ್ಯರು ಉಳಿದರು.

ನಮಗೆ ಹದಿನೆಂಟು ಜನ ಬೇಡ, ಇಬ್ಬರು ಸಾಕು. ಒಂದು ಪೆಟ್ಟಿಗೆ, ಒಂದು ತಬಲಾ ಅಥವಾ ಢೋಲಕ್. ಅದಕ್ಕೂ ದುಡ್ಡಿಲ್ಲ ಅನ್ನುವವರಿಗೆ ಕಾರಂತರು ತೋರಿಸಿದ ದಾರಿ ಇದೆ. ಬಿದಿರಿನ ತುಂಡು, ಕಲ್ಲು, ತಗಡಿನ ಡಬ್ಬ, ನಟರ ಗಂಟಲು, ಇಷ್ಟರಲ್ಲೇ ಅವರು ಗಾಳಿ, ಮಳೆ, ಕಾಡು, ಯುದ್ಧ ಎಲ್ಲ ಕೇಳಿಸುತ್ತಿದ್ದರು. ಶಾಲೆ ಮಕ್ಕಳ ನಾಟಕಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಇನ್ನೊಂದಿಲ್ಲ. ಪಾತ್ರ ಸಿಗದ ಮಕ್ಕಳಿಗೂ ಕೆಲಸ ಸಿಗುತ್ತೆ.

ಇಷ್ಟಾಗಿಯೂ ಟ್ರ್ಯಾಕೇ ಗತಿ ಅನ್ನುವ ಸಂದರ್ಭ ಬರಬಹುದು. ಆಗ ಇಡೀ ಹಾಡನ್ನು ಒಂದೇ ಫೈಲ್ ಮಾಡಬೇಡಿ. ಪಲ್ಲವಿ, ಚರಣ ಬೇರೆ ಬೇರೆ ತುಂಡು ಮಾಡಿ, ತಾಲೀಮಿನ ಮೊದಲ ವಾರದಿಂದಲೇ ಒಬ್ಬನನ್ನು ಬಟನ್ ಮುಂದೆ ಕೂರಿಸಿ. ಮೇಷ್ಟ್ರ ಕಣ್ಣಿನ ಕೆಲಸವನ್ನು ಅವನಾದರೂ ಮಾಡಲಿ.

ಬಜಾರಿನಲ್ಲಿ ಸಿಗೋದು, ಸಿಗದಿರೋದು

ನಾಟಕದ ಸಾಮಾನು ಅಂದಕೂಡಲೇ ಬೆಂಗಳೂರಿಗೆ ಓಡುವವರಿದ್ದಾರೆ. ಶಿವಪ್ಪ ನಾಯಕ ವೃತ್ತದಲ್ಲಿ ಇಳಿದು ಬಜಾರಿನ ಉದ್ದಕ್ಕೆ ನಡೆದರೆ ಮುಕ್ಕಾಲು ಪಾಲು ಇಲ್ಲೇ ಆಗುತ್ತೆ. ಬಟ್ಟೆ ಅಂಗಡಿಯಲ್ಲಿ ಕೋರಾ ಬಟ್ಟೆ, ಲೈನಿಂಗ್, ಪಂಚೆ, ಜರಿ ಅಂಚು. ಗ್ರಂಧಿಗೆ ಅಂಗಡಿಯಲ್ಲಿ ಕುಂಕುಮ, ವಿಭೂತಿ, ಜನಿವಾರ, ರುದ್ರಾಕ್ಷಿ ಸರ. ಬಳೆ ಅಂಗಡಿಯಲ್ಲಿ ಬಳೆ, ಮಣಿಸರ, ಸೊಂಟದ ಪಟ್ಟಿ, ಕೂದಲಿನ ಚೌರಿ. ಪಾತ್ರೆ ಅಂಗಡಿಯಲ್ಲಿ ಕೊಡ, ತಂಬಿಗೆ, ಗಂಟೆ. ಆಸ್ಥಾನದ ದೃಶ್ಯಕ್ಕೆ ಬೇಕಾದ ಹಿತ್ತಾಳೆ ದೀಪವನ್ನು ಒಂದು ದಿನಕ್ಕೆ ಎರವಲು ಕೊಡುವ ಅಂಗಡಿಯವರು ಈಗಲೂ ಇದ್ದಾರೆ. ಸ್ಮರಣ ಸಂಚಿಕೆಯಲ್ಲಿ ಹೆಸರು ಹಾಕೋದು ಮರೀಬೇಡಿ, ಅಷ್ಟೇ.

ಬಟ್ಟೆ ಕೊಳ್ಳುವಾಗ ಗೊತ್ತಿರಬೇಕಾದ್ದು ಎರಡು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿ ಕಾಣುವ ಸ್ಯಾಟಿನ್ ರಂಗದ ಬೆಳಕಿನಲ್ಲಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ. ರಾಜನಿಗೂ ದಪ್ಪ ಹತ್ತಿ ಬಟ್ಟೆಯೇ ಲೇಸು, ಅಂಚಿಗೆ ಮಾತ್ರ ಜರಿ ಇರಲಿ. ಎರಡನೆಯದು, ಅಚ್ಚ ಬಿಳಿ ಪಂಚೆ ಲೈಟಿನಡಿ ಕಣ್ಣಿಗೆ ಹೊಡೆಯುತ್ತೆ, ಮುಖ ಕಪ್ಪಾಗಿ ಕಾಣುತ್ತೆ. ಅದನ್ನು ತೆಳು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದರೆ ಸರಿಹೋಗುತ್ತೆ. ಇದು ರಂಗದವರ ಹಳೇ ಉಪಾಯ, ಖರ್ಚು ಹತ್ತು ರೂಪಾಯಿ.

ಮೇಕಪ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹಿಂದೆ ಮುಖಕ್ಕೆ ಹಚ್ಚುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ ಇದೆ. ಎರಡೂ ವಿಷವೇ. ಹಳೇ ಪೆಟ್ಟಿಗೆಯಲ್ಲಿ ಉಳಿದಿದೆ ಅಂತ ಮಕ್ಕಳ ಮುಖಕ್ಕೆ ಬಳಿಯಬೇಡಿ. ಗೋಡೆಗೆ ಹಚ್ಚುವ ಬಣ್ಣ, ರಂಗೋಲಿ ಪುಡಿ ಕೂಡ ಬೇಡ. ಮುಖಕ್ಕೇ ಅಂತ ತಯಾರಾದ ಬಣ್ಣ ತನ್ನಿ, ತೆಗೆಯೋದಕ್ಕೆ ಕೊಬ್ಬರಿ ಎಣ್ಣೆ ಸಾಕು.

ಕಿರೀಟ, ಗದೆ, ಸೀನರಿ ಪರದೆ ಬಾಡಿಗೆಗೆ ತರುವವರೇ ಹೆಚ್ಚು. ತುಮಕೂರು, ಮಂಡ್ಯ ಕಡೆ ಪೌರಾಣಿಕ ನಾಟಕ ಈಗಲೂ ಜೋರು. ಅಲ್ಲಿ ಹಳ್ಳಿಯವರು ಪಾತ್ರಕ್ಕೆ ತಾವೇ ದುಡ್ಡು ಕಟ್ಟುತ್ತಾರೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು ಅಂತ ಪಾತ್ರ ದೊಡ್ಡದಾದಷ್ಟೂ ವಂತಿಗೆ ದೊಡ್ಡದು. ಆ ದುಡ್ಡಿನಲ್ಲೇ ಪೆಟ್ಟಿಗೆ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ ಎಲ್ಲ. ಅಂಗಡಿ ಅಂಗಡಿ ಅಲೆಯುವ ಕಷ್ಟವಿಲ್ಲ. ನಮ್ಮ ಕಡೆ ಹೀಗೆ ಮಾಡಿದರೆ ಎಷ್ಟು ಜನ ನಟರು ಉಳಿಯುತ್ತಾರೋ, ಅದು ಬೇರೆ ಮಾತು.

ಯಾರ ನಾಟಕ, ಯಾರ ಅನುಮತಿ

ಪುಸ್ತಕ ಕೊಂಡ ಮಾತ್ರಕ್ಕೆ ನಾಟಕ ಆಡುವ ಹಕ್ಕು ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಅವರ ವಾರಸುದಾರರದು. ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದ ಜನವರಿಯಿಂದ. ಟಿ.ಪಿ. ಕೈಲಾಸಂ ಮತ್ತು ಬಿ.ಎಂ.ಶ್ರೀ ಇಬ್ಬರೂ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವರ ನಾಟಕಗಳನ್ನು ಯಾರನ್ನೂ ಕೇಳದೆ ಆಡಬಹುದು. ಕುವೆಂಪು ತೀರಿಕೊಂಡದ್ದು 1994, ಅಂದರೆ 2054ರ ಕೊನೆವರೆಗೆ ಅನುಮತಿ ಬೇಕು. ಲಂಕೇಶರದು 2060ರವರೆಗೆ, ಗಿರೀಶ ಕಾರ್ನಾಡರದು 2079ರವರೆಗೆ. ಮಟ್ಟಿಗೂ ಹಕ್ಕಿದೆ. ಕಾರಂತರು ಹಾಕಿದ ಮಟ್ಟು 2062ರವರೆಗೆ ಅವರದೇ. ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ. ಶೇಕ್ಸ್‌ಪಿಯರ್ ಹಳಬ ಅಂದುಕೊಂಡು ಇತ್ತೀಚಿನ ಕನ್ನಡ ಅನುವಾದವನ್ನು ಕೇಳದೆ ಆಡಿದರೆ ತಪ್ಪಾಗುತ್ತೆ.

ಹವ್ಯಾಸಿಗಳಿಗೆ ಅನುಕೂಲವಾದ ಒಂದು ವಿನಾಯಿತಿ ಅದೇ ಕಾಯ್ದೆಯ 52ನೇ ಕಲಮಿನಲ್ಲಿದೆ. ಹವ್ಯಾಸಿ ಸಂಘ ಟಿಕೆಟ್ಟಿಲ್ಲದ ಸಭಿಕರ ಮುಂದೆ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ನಾಟಕ ಆಡಿದರೆ ಅದು ಹಕ್ಕಿನ ಉಲ್ಲಂಘನೆ ಅಲ್ಲ. ಟಿಕೆಟ್ ಇಟ್ಟಿರೋ, ಪತ್ರ ಬರೆದು ಒಪ್ಪಿಗೆ ತಗೊಳ್ಳಿ. ಸಿನಿಮಾ ಹಾಡಿನ ಟ್ರ್ಯಾಕ್ ಹಾಕುವವರು ಗಮನಿಸಿ, ರೆಕಾರ್ಡಿನ ಹಕ್ಕು ಬೇರೆಯೇ ಇರುತ್ತೆ. ಇಬ್ಬರು ಮೇಳದವರನ್ನು ಕೂರಿಸಿ ಸ್ವಂತ ಮಟ್ಟು ಹಾಕಿಸಿದರೆ ಈ ತಲೆನೋವೂ ಇಲ್ಲ.

ನಮ್ಮ ಜಿಲ್ಲೆಯವರಿಗೆ ಒಂದು ಸಲಹೆ. ಕುವೆಂಪು ಅವರ ‘ಜಲಗಾರ’ 1928ರಷ್ಟು ಹಳೆಯದು, ಆದರೂ ಇವತ್ತಿಗೆ ಬರೆದ ಹಾಗಿದೆ. ಗುಡಿಸುವವನ ಬಳಿಗೆ ಶಿವನೇ ಬರುವ ಕತೆ. ಚಿಕ್ಕ ನಾಟಕ, ಸೆಟ್ಟಿನ ಖರ್ಚಿಲ್ಲ, ಹಾಡಿಗೆ ಜಾಗವಿದೆ. ದೊಡ್ಡ ತಂಡ ಇದ್ದವರು ‘ರಕ್ತಾಕ್ಷಿ’ ನೋಡಬಹುದು. ಹ್ಯಾಮ್ಲೆಟ್ಟನ್ನು ಕುವೆಂಪು ನಮ್ಮ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲೂಕಿನ ನಗರಕ್ಕೆ ತಂದು ನಿಲ್ಲಿಸಿದ್ದಾರೆ. ಇನ್ನು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮೈಸೂರು ರಂಗಾಯಣ 2010ರಲ್ಲಿ ರಾತ್ರಿಯಿಡೀ ನಾಲ್ಕು ರಂಗಗಳಲ್ಲಿ ಆಡಿತಲ್ಲ, ಸಿ. ಬಸವಲಿಂಗಯ್ಯ ನಿರ್ದೇಶನ, ಹಂಸಲೇಖ ಸಂಗೀತ. ಅದನ್ನು ನೋಡಿ ಆಸೆಪಡಬಹುದು. ಊರಿನ ತಂಡ ಕೈಹಾಕುವ ಗಾತ್ರ ಅದಲ್ಲ.

ಟಿಕೆಟ್ಟೋ ಪಾಸೋ

ಇದು ಅಂಗಡಿಯವರು ಗಮನವಿಟ್ಟು ಓದಬೇಕಾದ ಭಾಗ. ಉದಾಹರಣೆಗೆ 300 ಕುರ್ಚಿಯ ಸಭಾಂಗಣ ಅಂದುಕೊಳ್ಳಿ. ₹100 ಟಿಕೆಟ್ ಇಟ್ಟು ಅರ್ಧ ಭರ್ತಿಯಾದರೂ ₹15,000. ಉಚಿತ ಪ್ರವೇಶ ಅಂತ ಬ್ಯಾನರ್ ಹಾಕಿದರೆ ಸೊನ್ನೆ, ಆ ಅಷ್ಟೂ ದುಡ್ಡು ರಸೀದಿ ಪುಸ್ತಕದಿಂದಲೇ ಬರಬೇಕು. ದುಡ್ಡು ಕಮ್ಮಿ ಬಿದ್ದಾಗ ಮೊದಲು ಕತ್ತರಿ ಬೀಳುವುದು ಮೇಳಕ್ಕೆ. ಸಭಾಂಗಣದ ಬಾಡಿಗೆ ಬಿಡೋಕಾಗಲ್ಲ, ಲೈಟು ಬಿಡೋಕಾಗಲ್ಲ, ‘ಹಾಡಿಗೆ ಟ್ರ್ಯಾಕ್ ಹಾಕೋಣ ಬಿಡ್ರೋ’ ಅಂತ ಮುಗಿಸುತ್ತಾರೆ. ಪೆಟ್ಟಿಗೆ ಮೇಷ್ಟ್ರುಗಳ ಕೆಲಸ ಹೋಗುತ್ತಿರುವುದು ಹೊಸ ಕಾಲ ಬಂದದ್ದರಿಂದ ಮಾತ್ರ ಅಲ್ಲ, ನಾವೆಲ್ಲ ಪಾಸು ಕೇಳುವುದರಿಂದಲೂ ಹೌದು. ಮೇಷ್ಟ್ರ ಜತೆ ಕೂತು ಕಲಿಯುವ ಹುಡುಗರೂ ಇಲ್ಲವಾದರೆ, ಆಮೇಲೆ ದುಡ್ಡು ಇದ್ದವರಿಗೂ ಬಾರಿಸುವವರು ಸಿಗುವುದಿಲ್ಲ.

ಟಿಕೆಟ್ ಅಂದರೆ ಜಿಎಸ್‌ಟಿ ತಲೆನೋವು ಅಂತ ಹೆದರುವವರಿದ್ದಾರೆ. ನಾಟಕದ ಟಿಕೆಟ್ ಒಬ್ಬರಿಗೆ ₹500 ದಾಟದಿದ್ದರೆ ಜಿಎಸ್‌ಟಿ ಇಲ್ಲ. ನಮ್ಮ ಊರಲ್ಲಿ ಅಷ್ಟು ದುಬಾರಿ ಟಿಕೆಟ್ ಯಾರೂ ಇಡುವುದಿಲ್ಲ, ಬಿಡಿ.

ದುಡ್ಡು ಕೊಡುವಾಗ ಏನಂತ ಕೊಡುತ್ತಿದ್ದೀರಿ ಅನ್ನುವುದೂ ಮುಖ್ಯ. ಸ್ಮರಣ ಸಂಚಿಕೆಯಲ್ಲಿ ಜಾಹೀರಾತು ಅಂತ ಅಂಗಡಿ ಹೆಸರಿಗೆ ಬಿಲ್ ಪಡೆದರೆ ಅದನ್ನು ವ್ಯಾಪಾರದ ಖರ್ಚಿಗೆ ಬರೆಯಬಹುದು. ಬರೀ ದೇಣಿಗೆ ಆದರೆ, ಆ ಸಂಘಕ್ಕೆ 80ಜಿ ನೋಂದಣಿ ಇರಬೇಕು, ನೀವು ಹಳೇ ತೆರಿಗೆ ಪದ್ಧತಿಯಲ್ಲಿರಬೇಕು, ₹2,000 ಮೀರಿದ ಮೊತ್ತವನ್ನು ನಗದಾಗಿ ಕೊಟ್ಟಿರಬಾರದು. ಆಗ ಮಾತ್ರ ತೆರಿಗೆ ವಿನಾಯಿತಿ. ರಸೀದಿ ಮೇಲೆ ಸಂಘದ ನೋಂದಣಿ ಸಂಖ್ಯೆ ಇದೆಯಾ ನೋಡಿ. ಹುಡುಗರು ಬೇಜಾರು ಮಾಡ್ಕೊಳ್ಳಲ್ಲ, ಲೆಕ್ಕ ಇಟ್ಟ ತಂಡಕ್ಕೆ ಅದು ಮರ್ಯಾದೆಯೇ. ಜತೆಗೆ ಒಂದು ಪ್ರಶ್ನೆ ಕೇಳಿ: ‘ಹಾಡಿಗೆ ಯಾರಿದಾರೆ?’

ಮೈಕು, ಕರೆಂಟು, ತಾರೀಕು

ಸಭಾಂಗಣದೊಳಗೆ ಆಡಿದರೆ ಅರ್ಧ ತಾಪತ್ರಯ ಕಮ್ಮಿ. ನಗರದಲ್ಲಿ ಕುವೆಂಪು ರಂಗಮಂದಿರ ಇದೆ, ಸುವರ್ಣ ಸಾಂಸ್ಕೃತಿಕ ಭವನ ಇದೆ. ಶಿವಮೊಗ್ಗ ರಂಗಾಯಣ ಇರುವುದೂ ಸುವರ್ಣ ಸಾಂಸ್ಕೃತಿಕ ಭವನದಲ್ಲೇ. ಬಯಲಲ್ಲಿ ಆಡುವುದಾದರೆ ಧ್ವನಿವರ್ಧಕಕ್ಕೆ ಮೊದಲೇ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕು ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸರ್ಕಾರ ಸಡಿಲ ಮಾಡಬಹುದು. ಮುಚ್ಚಿದ ಸಭಾಂಗಣದೊಳಗೆ ಈ ರಾತ್ರಿ ನಿರ್ಬಂಧ ಇಲ್ಲ.

ಲೈಟಿನ ಲೆಕ್ಕ ಕೂಡ ತಿಳಿದಿರಲಿ. ಹಳೇ ಕಾಲದ 1,000 ವ್ಯಾಟಿನ ಸ್ಪಾಟ್ ಹತ್ತು ಹಾಕಿದರೆ ಒಟ್ಟು 10 ಕಿಲೋವ್ಯಾಟ್, 230 ವೋಲ್ಟಿನಲ್ಲಿ ಸುಮಾರು 43 ಆಂಪಿಯರ್. ಪಕ್ಕದ ಮನೆಯ ಪ್ಲಗ್ಗಿನಿಂದ ಎಳೆದ ವೈರು ಅದನ್ನು ತಡೆಯುವುದಿಲ್ಲ, ಬೆಂಕಿ ಹಿಡಿಯುತ್ತೆ. ಮೆಸ್ಕಾಂನಿಂದ ತಾತ್ಕಾಲಿಕ ತ್ರೀ ಫೇಸ್ ಸಂಪರ್ಕ ತಗೊಳ್ಳಿ, ಇಲ್ಲ ಜನರೇಟರ್ ಇಡಿ. ಎಲ್‌ಇಡಿ ಲೈಟಾದರೆ ಇದರ ಕಾಲು ಭಾಗವೂ ಬೇಡ.

ತಾರೀಕು ಗೊತ್ತು ಮಾಡುವಾಗ ಕ್ಯಾಲೆಂಡರ್ ಜತೆ ತೋಟವನ್ನೂ ನೋಡಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ಹಳ್ಳಿಯವರು ನಾಟಕಕ್ಕೆ ಬರುವುದಿಲ್ಲ. ಮಾರ್ಚಿನಲ್ಲಿ ಪರೀಕ್ಷೆ, ಮನೆಮಂದಿಯೆಲ್ಲ ಬರುವುದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ನಮ್ಮ ಮಳೆಗೆ ಬಯಲು ನಾಟಕ ಅಸಾಧ್ಯ, ಆದರೆ ತಾಲೀಮಿಗೆ ಅದೇ ಒಳ್ಳೆ ಕಾಲ. ಮಾರಿಕಾಂಬೆ ಜಾತ್ರೆ ವಾರದಲ್ಲಿ ಏನೂ ಇಟ್ಟುಕೊಳ್ಳಬೇಡಿ. ಅಮ್ಮನ ತವರುಮನೆ ಗಾಂಧಿ ಬಜಾರೇ ಆದ್ದರಿಂದ ಆ ಮಂಗಳವಾರ ಇಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ, ಊರಿಗೆ ಬೇರೆ ಯಾವ ರಂಗವೂ ಬೇಕಿಲ್ಲ. ಭದ್ರಾವತಿಯ ಜನ ಬರಬೇಕು ಅಂತಿದ್ದರೆ ವಾಪಸು ಹೋಗುವ ಬಸ್ಸಿನ ಸಮಯ ವಿಚಾರಿಸಿಕೊಂಡೇ ನಾಟಕದ ಗಂಟೆ ಇಡಿ. 1965ರಿಂದ ಆಕಾಶವಾಣಿ ಕೇಂದ್ರ ಇರುವ ಊರದು. ರೇಡಿಯೋ ನಾಟಕ ಕೇಳಿ ಕಿವಿ ಪಳಗಿದ ಹಿರಿಯರು ಅಲ್ಲಿದ್ದಾರೆ, ಶ್ರುತಿ ತಪ್ಪಿದರೆ ತಕ್ಷಣ ಹಿಡಿಯುತ್ತಾರೆ.

ಶಟರ್ ಎಳೆದ ಮೇಲೆ

ಇನ್ನೊಂದು ಮಾತು ನಾಟಕದವರಿಗೆ. ನಿಮ್ಮ ಕರಪತ್ರದಲ್ಲಿ ಯಾವಾಗಲೂ ‘ಸಂಜೆ 6.30ಕ್ಕೆ’ ಅಂತ ಇರುತ್ತೆ. ಬಜಾರಿನಲ್ಲಿ ಅದು ವ್ಯಾಪಾರ ಏರುವ ಹೊತ್ತು. ಮದುವೆ ಸೀಸನ್ನಿನಲ್ಲಂತೂ ಬಟ್ಟೆ ಅಂಗಡಿಯವರು ತಲೆ ಎತ್ತಿ ನೋಡೋಕೂ ಪುರುಸೊತ್ತಿರಲ್ಲ. ಹಾಗಾಗಿ ನಾಟಕಕ್ಕೆ ದುಡ್ಡು ಕೊಟ್ಟವರೇ ನಾಟಕ ನೋಡಿರುವುದಿಲ್ಲ. ಕಂಪನಿಯವರು ಇದನ್ನು ಚೆನ್ನಾಗಿ ಅರಿತಿದ್ದರು. ಅವರ ಆಟ ಶುರುವಾಗುತ್ತಿದ್ದದ್ದೇ ಊಟ ಮುಗಿದ ಮೇಲೆ, ಅಂಗಡಿ ಮುಚ್ಚಿ ಬಂದವನಿಗೂ ನಾಂದಿ ಹಾಡು ಸಿಗುವ ಹಾಗೆ.

ಸಭಾಂಗಣದೊಳಗೆ ಹತ್ತು ಗಂಟೆಯ ನಿರ್ಬಂಧ ಇಲ್ಲ ಅಂದೆವಲ್ಲ. ಎರಡು ದಿನ ಬಾಡಿಗೆಗೆ ಹಿಡಿದವರು ಎರಡನೇ ದಿನದ ಆಟವನ್ನು ರಾತ್ರಿ 9.30ಕ್ಕೆ ಇಟ್ಟು ನೋಡಬಹುದು. ಪಾಸು ಬೇಡ, ₹100 ಟಿಕೆಟ್. ಗಾಂಧಿ ಬಜಾರು, ನೆಹರೂ ರಸ್ತೆ, ದುರ್ಗಿಗುಡಿ ಅಂಗಡಿಗಳ ಗಲ್ಲದ ಮೇಲೆ ಒಂದು ವಾರ ಮುಂಚೆ ಟಿಕೆಟ್ ಪುಸ್ತಕ ಇಡಿ, ಕರಪತ್ರದಲ್ಲಿ ನಟರ ಹೆಸರಿನ ಜತೆ ಹಾರ್ಮೋನಿಯಂ, ತಬಲಾದವರ ಹೆಸರನ್ನೂ ಅದೇ ಅಕ್ಷರದಲ್ಲಿ ಹಾಕಿ. ಸಭಾಂಗಣ ಕಾದಿರಿಸುವಾಗ ರಾತ್ರಿ ಎಷ್ಟು ಹೊತ್ತಿನವರೆಗೆ ಬಿಟ್ಟುಕೊಡುತ್ತಾರೆ ಅನ್ನೋದನ್ನು ಮಾತ್ರ ಬರಹದಲ್ಲೇ ಪಡೆದುಕೊಳ್ಳಿ.